ಒರೆಸಿದಷ್ಟೂ ಮಬ್ಬು

ದಿನಾ ಬೆಳಿಗ್ಗೆ ಚಹಾದ ಲೋಟ ಬಾಯಿಗಿಡುವ ಮೊದಲು ಮಿಂಚಕ್ಕ ಹಿತ್ತಲಿನ ತಂತಿಯ ಮೇಲೆ ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ಎಳೆದುಕೊಂಡು ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಇಪ್ಪತ್ತು ಬಟ್ಟೆ, ಇಪ್ಪತ್ತು ಸಲ. ಎಲ್ಲಾದರೂ ಒಂದು ಮರಳಿನ ಕಣವೋ, ಒಣಕಡ್ಡಿಯ ಚೂರೋ, ಸೊಸೆಯ ಹೊಲಿಗೆ ಮಿಷನ್ನಿನ ಕಡೆಯಿಂದ ಉದುರಿದ ಗುಂಡುಪಿನ್ನೋ ಸಿಕ್ಕಿಕೊಂಡಿದ್ದರೆ ಅದು ಕೆನ್ನೆಗೆ ಗೊತ್ತಾಗಬೇಕು, ಕಾರಿಗೆ ಗೊತ್ತಾಗಬಾರದು. ಅಂಗೈಯಲ್ಲಿ ಮುಟ್ಟಿ ನೋಡಿದರೆ ಸಾಲದೇ ಎಂದು ಸೊಸೆ ಒಮ್ಮೆ ಕೇಳಿದ್ದಳು. ಅಂಗೈ ಹದಿನಾಲ್ಕು ವರ್ಷದಿಂದ ನೀರು, ಸೋಪು, ವ್ಯಾಕ್ಸು ತಿಂದು ಚಪ್ಪಲಿಯ ಹಾಗಾಗಿದೆ, ಅದು ಸುಳ್ಳು ಹೇಳುತ್ತದೆ, ಕೆನ್ನೆ ಹೇಳುವುದಿಲ್ಲ ಎಂದಿದ್ದಳು ಮಿಂಚಕ್ಕ. ಮೈ ಸುಡುವ ಜ್ವರದಲ್ಲೂ ಅವಳು ಇದನ್ನು ತಪ್ಪಿಸಿದವಳಲ್ಲ. ಗಂಡ ಹೋದ ಮೇಲೆ ಮತ್ತೆ ಕೆಲಸಕ್ಕೆ ಹೊರಟ ಮೊದಲ ದಿನ, ಬಟ್ಟೆ ಕೆನ್ನೆಗೆ ಒತ್ತಿದ್ದೇ ನೆಪವಾಗಿ ಅಲ್ಲೇ ತಂತಿಯ ಕೆಳಗೆ ಅತ್ತು, ಒದ್ದೆಯಾದ ಅದೊಂದನ್ನು ಮತ್ತೆ ಒಣಗಲು ಹಾಕಿ, ಹತ್ತೊಂಬತ್ತು ಮಡಿಸಿಕೊಂಡು ಹೋಗಿದ್ದಳು.

ಅವಳ ಕೆಲಸ ಕಾರು ತೊಳೆಯುವ ಶೆಡ್ಡಿನಲ್ಲಿ. ಒಳಗೆ ಬಂದ ಕಾರಿಗೆ ಮೊದಲು ಪೈಪಿನ ನೀರು, ಆಮೇಲೆ ಶಾಂಪೂ ನೊರೆ, ಮತ್ತೆ ನೀರು, ಆಮೇಲೆ ನೆರಳಿನಲ್ಲಿ ನಿಲ್ಲಿಸಿ ಒಣಗಿಸುವುದು. ಕಟ್ಟಕಡೆಯ ಅಂಕಣ ಮಿಂಚಕ್ಕನದು. ಅಲ್ಲಿ ಕಾರಿಗೆ ಸ್ಪ್ರೇ ವ್ಯಾಕ್ಸ್ ಹಾಕಿ ಮಿಂಚಿಸಿ ಕಳಿಸಬೇಕು. ಅಪ್ಪ ಅಮ್ಮ ಇಟ್ಟ ಹೆಸರು ಶೆಡ್ಡಿನ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಉಳಿದಂತೆ ಯಜಮಾನರಿಂದ ಹಿಡಿದು ಎದುರಿನ ಪಂಕ್ಚರ್ ಅಂಗಡಿಯವನವರೆಗೆ ಎಲ್ಲರಿಗೂ ಅವಳು ಮಿಂಚಕ್ಕ.

ವ್ಯಾಕ್ಸ್ ಹೊಡೆಯುವುದರಲ್ಲಿ ಏನಿದೆ, ಬಾಟ್ಲಿ ಒತ್ತಿದರೆ ಬರುತ್ತದೆ, ಒರೆಸಿದರೆ ಹೋಗುತ್ತದೆ ಎನ್ನುವವರೇ ಹೆಚ್ಚು. ಮಿಂಚಕ್ಕ ಅಂಥವರ ಹತ್ತಿರ ವಾದ ಮಾಡುತ್ತಿರಲಿಲ್ಲ. ಕಾರು ಬಂದೊಡನೆ ಬಾನೆಟ್ಟಿನ ಮೇಲೆ ಕೈಯ ಹಿಂಭಾಗ ಇಟ್ಟು ನೋಡುತ್ತಿದ್ದಳು. ಮಗುವಿಗೆ ಜ್ವರ ಬಿಟ್ಟಿದೆಯೇ ಎಂದು ನೋಡುವ ಹಾಗೆ. ತಗಡು ಪೂರ್ತಿ ತಣ್ಣಗಾಗುವವರೆಗೆ, ಕಾರಿನವರು ಎಷ್ಟೇ ಗಡಿಯಾರ ತೋರಿಸಲಿ, ಅವಳು ಬಾಟ್ಲಿ ಎತ್ತುವುದಿಲ್ಲ. ಒಂದು ಬಾಗಿಲಿಗೆ ಎರಡೇ ಒತ್ತು. ಗಾಜಿನ ಮೇಲೆ ಒಂದು ಹನಿಯೂ ಬೀಳಕೂಡದು. ಹರಡುವುದಕ್ಕೆ ಒಂದು ಬಟ್ಟೆ, ಎತ್ತುವುದಕ್ಕೆ ಇನ್ನೊಂದು. ಎತ್ತುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಒಂದೊಂದು ಬಾಗಿಲಿಗೂ ಒಂದೊಂದು ಮಗ್ಗುಲು ತಿರುಗಿಸಿ, ಮೇಲಿನಿಂದ ಕೆಳಕ್ಕೆ ಬರುತ್ತಿದ್ದಳು. ಕಡೆಗೆ ಮಂಡಿಯೂರಿ ಕೂತು, ಬಾಗಿಲಿನಲ್ಲಿ ತನ್ನ ಮುಖದ ಒಂದೊಂದು ಸುಕ್ಕೂ ಕಂಡರೆ ಎದ್ದು ಬಾಗಿಲಿಗೆ ಒಂದು ಪೆಟ್ಟು ತಟ್ಟುವಳು. ಆ ಸದ್ದು ಕೇಳಿದರೆ ಕಾರು ಹೊರಡಬಹುದು ಎಂದರ್ಥ.

ವರ್ಷಗಟ್ಟಲೆ ಹೀಗೆ ನಡೆದದ್ದು ಮೂರು ವಾರದಿಂದ ಕೆಟ್ಟಿತು.

ಮೊದಲು ಹಿಡಿದು ತೋರಿಸಿದವರು ಗಣಿತದ ಮೇಷ್ಟ್ರು. ನಿವೃತ್ತಿಯಾದ ಮೇಲೆ ಒಂದು ಕಪ್ಪು ಕಾರು ಕೊಂಡು, ಅದನ್ನು ಓಡಿಸುವುದಕ್ಕಿಂತ ತೊಳೆಸುವುದಕ್ಕೇ ಹೆಚ್ಚು ತಿರುಗುತ್ತಿದ್ದ ಮನುಷ್ಯ. ಅವತ್ತು ಕಾರು ತೆಗೆದುಕೊಂಡು ಹೋದವರು ಕಾಲು ಗಂಟೆಯಲ್ಲಿ ತಿರುಗಿ ಬಂದರು. ಮಿಂಚಕ್ಕನನ್ನು ಹೊರಗೆ ಕರೆದು, ಇಳಿಬಿಸಿಲು ಅಡ್ಡಕ್ಕೆ ಬೀಳುವ ಹಾಗೆ ಕಾರು ನಿಲ್ಲಿಸಿ, ಬಾನೆಟ್ಟಿನ ಕಡೆ ಬೆರಳು ತೋರಿಸಿದರು. ನೆರಳಿನಲ್ಲಿ ಕಾಣದ ಮಬ್ಬು ಪಟ್ಟೆಗಳು ಬಿಸಿಲಿಗೆ ಎದ್ದು ಕೂತಿದ್ದವು. ಒಂದರ ಮೇಲೊಂದು, ಅರ್ಧ ಚಂದ್ರದ ಹಾಗೆ, ಅವಳ ಕೈ ಎಲ್ಲೆಲ್ಲಿ ಆಡಿತ್ತೋ ಅಲ್ಲೆಲ್ಲ.

“ಹಸು ನೆಕ್ಕಿದ ಹಾಗಿದೆಯಲ್ಲಮ್ಮಾ” ಎಂದರು ಮೇಷ್ಟ್ರು. ಸಿಟ್ಟಿರಲಿಲ್ಲ ಮಾತಿನಲ್ಲಿ. ಚೆನ್ನಾಗಿ ಓದುವ ಮಗು ಸೊನ್ನೆ ತಂದರೆ ಇರುವಂಥ ಬೇಸರ ಇತ್ತು, ಅದೇ ಅವಳಿಗೆ ಹೆಚ್ಚು ನಾಟಿತು.

ಮತ್ತೆ ಒರೆಸಿದಳು. ಪಟ್ಟೆ ಜಾಗ ಬದಲಾಯಿಸಿತೇ ಹೊರತು ಹೋಗಲಿಲ್ಲ. ಇನ್ನೊಂದು ಬಟ್ಟೆ ತಂದಳು, ಅದೇ ಕತೆ. ಒತ್ತಿ ಒರೆಸಿದರೆ ಒತ್ತಿದ ಗುರುತು, ಹಗುರವಾಗಿ ಒರೆಸಿದರೆ ಹಗುರವಾದ ಗುರುತು. ಮೇಷ್ಟ್ರು ಕೊನೆಗೆ ಪರವಾಗಿಲ್ಲ ಬಿಡಿ ಎಂದು ಹೊರಟುಹೋದರು. ಪರವಾಗಿಲ್ಲ ಎನ್ನುವ ಮಾತು ತನ್ನ ಅಂಕಣದಲ್ಲಿ ಯಾರ ಬಾಯಿಂದಲೂ ಬಂದದ್ದು ಮಿಂಚಕ್ಕನಿಗೆ ನೆನಪಿರಲಿಲ್ಲ.

ಅಲ್ಲಿಂದ ಶುರುವಾಯಿತು ಹುಡುಕಾಟ. ಮೊದಲ ಅನುಮಾನ ವ್ಯಾಕ್ಸಿನ ಮೇಲೆ. ಬಾಟ್ಲಿ ಬಿಸಿಲಿಗೆ ಕೆಟ್ಟಿರಬಹುದೆಂದು ಹೊಸದನ್ನು ಒಡೆಸಿದಳು. ಅದರಲ್ಲೂ ಪಟ್ಟೆ. ಎರಡು ಒತ್ತಿನ ಬದಲು ಒಂದೇ ಒತ್ತು ಹಾಕಿದಳು. ಪಟ್ಟೆ ತೆಳ್ಳಗಾಯಿತು, ಹೊಳಪೂ ಹೋಯಿತು. ಆಮೇಲೆ ನೀರಿನ ಮೇಲೆ ಅನುಮಾನ. ಬೋರಿನ ನೀರು ಗಡಸು, ಅದರ ಉಪ್ಪು ಕೂತಿರಬೇಕೆಂದು ಒಂದು ದಿನ ಮನೆಯಿಂದ ಕುಡಿಯುವ ನೀರು ಹೊತ್ತುಕೊಂಡು ಬಂದು ಒಂದು ಬಾಗಿಲನ್ನು ಅದರಲ್ಲೇ ತೊಳೆದಳು. ಆ ಬಾಗಿಲಿಗೂ ಪಟ್ಟೆ ಬಂತು. ಕುಡಿಯುವ ನೀರು ಹೋದದ್ದಷ್ಟೇ ಬಂದ ಭಾಗ್ಯ.

ಮೂರನೆಯ ಅನುಮಾನ ಪೈಪಣ್ಣನ ಮೇಲೆ. ಪೈಪು ಹಿಡಿಯುವ ಕೆಲಸ ಅವನದು. ಶೆಡ್ಡಿಗೆ ಅವಳಿಗಿಂತ ಆರು ತಿಂಗಳು ಮೊದಲು ಬಂದವನು, ಆ ಆರು ತಿಂಗಳನ್ನು ಇಂದಿಗೂ ಬಿಟ್ಟುಕೊಟ್ಟಿರಲಿಲ್ಲ. ಶಾಂಪೂ ಪೂರ್ತಿ ಹೋಗುವ ಹಾಗೆ ನೀರು ಬಿಡುತ್ತಿಲ್ಲ, ಅವಸರ ಮಾಡುತ್ತೀಯ ಎಂದು ಅವಳು ಎಲ್ಲರ ಮುಂದೆ ಹೇಳಿಬಿಟ್ಟಳು. ಪೈಪಣ್ಣ ನೀರು ನಿಲ್ಲಿಸಿ, ಪೈಪನ್ನು ಹೆಗಲಿಗೆ ಹಾಕಿಕೊಂಡು, ನಿಧಾನವಾಗಿ ತಿರುಗಿದ.

“ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ನೆಲ ಹದಿನಾಲ್ಕು ವರ್ಷದಿಂದ ಇದೇ ಅಲ್ವಾ ಮಿಂಚಕ್ಕ?”

ಎಲ್ಲರೂ ನಕ್ಕರು. ಅವಳಿಗೂ ನಗು ಬರಬೇಕಾಗಿತ್ತು, ಅವನ ಮಾತಿಗೆ ಯಾವತ್ತೂ ನಗುತ್ತಿದ್ದವಳು. ಅವತ್ತು ತನ್ನ ಅಂಕಣಕ್ಕೆ ಹೋಗಿ ಬಾಟ್ಲಿಗಳ ಮುಚ್ಚಳ ಒರೆಸುತ್ತ ನಿಂತಳು. ಪೈಪಣ್ಣನೇನೂ ಕೆಟ್ಟವನಲ್ಲ, ಮುಂದಿನ ಕಾರಿಗೆ ಎರಡರಷ್ಟು ನೀರು ಬಿಟ್ಟ. ಆ ಕಾರಿನಲ್ಲೂ ಪಟ್ಟೆ ಉಳಿಯಿತು. ಅವನು ಒಮ್ಮೆ ಅವಳ ಕಡೆ ನೋಡಿ ಪೈಪು ಸುತ್ತಿಟ್ಟ. ಬೈದಿದ್ದರೂ ಆಗುತ್ತಿತ್ತು.

ಬಟ್ಟೆಯ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಬರುವುದಕ್ಕೆ ಕಾರಣವೇ ಇರಲಿಲ್ಲ. ಇಷ್ಟು ವರ್ಷ ಆ ಬಟ್ಟೆಗಳನ್ನು ಅವಳೇ ಬಾರ್ ಸೋಪು ತಿಕ್ಕಿ ಕಲ್ಲಿನ ಮೇಲೆ ಒಗೆಯುತ್ತಿದ್ದಳು. ಈಚೆಗೆ ಸೊಸೆ, ತಾನು ಹೊಲಿದುಕೊಡುವ ಮನೆಯೊಂದರಲ್ಲಿ ಮೂಲೆಗೆ ಸೇರಿದ್ದ ವಾಷಿಂಗ್ ಮಿಷನ್ನನ್ನು ಕೇಳಿ ತಂದು, ರಿಪೇರಿ ಮಾಡಿಸಿ, ಬಟ್ಟೆ ಒಗೆಯುವ ಕೆಲಸ ಪೂರ್ತಿ ತನ್ನ ಮೈಮೇಲೆ ಹಾಕಿಕೊಂಡಿದ್ದಳು. ಮಿಂಚಕ್ಕ ಮೊದಲ ದಿನ ಅನುಮಾನದಿಂದಲೇ ಕೆನ್ನೆಗೆ ಒತ್ತಿ ನೋಡಿದ್ದಳು. ಬೆಣ್ಣೆ. ತನ್ನ ಕೈಯಲ್ಲಿ ಒಗೆದಾಗ ಹಪ್ಪಳದಂತೆ ಸೆಟೆದು ನಿಲ್ಲುತ್ತಿದ್ದ ಬಟ್ಟೆಗಳು ಈಗ ಹುಟ್ಟಿದ ಕೂಸಿಗೆ ಸುತ್ತಬಹುದಾದ ಹಾಗಿದ್ದವು. ಕಾರಿನ ಮೈಗೆ ಇದಕ್ಕಿಂತ ಏನು ಬೇಕು? ಸಾಮಾನ್ಯಕ್ಕೆ ಹೊಗಳುವ ಬಾಯಲ್ಲ ಅವಳದು, ಆದರೂ ಅವತ್ತು, ನಿನ್ನ ಕೈಗುಣ ಚೆನ್ನಾಗಿದೆಯಮ್ಮ ಎಂದಿದ್ದಳು. ಸೊಸೆ ಒಳಗೆ ಹೋಗಿದ್ದಳು, ಹೋಗುವಾಗ ಮುಖ ಅರಳಿತ್ತು.

ಹಾಗಾಗಿ ಉಳಿದದ್ದು ಒಂದೇ, ತಾನು. ಕಣ್ಣು ಮಂದವಾಗಿರಬಹುದೆಂದು ಶೆಡ್ಡಿನಲ್ಲಿ ಮಾತು ಹುಟ್ಟಿತು. ಯಾರು ಮೊದಲು ಅಂದರೋ, ಎರಡು ದಿನದಲ್ಲಿ ಎಲ್ಲರೂ ಅನ್ನತೊಡಗಿದರು. ಒಬ್ಬಳು ತನ್ನ ಅತ್ತೆಗೂ ಹೀಗೆಯೇ ಶುರುವಾದದ್ದು, ಆಮೇಲೆ ಅಕ್ಕಿಯಲ್ಲಿ ಕಲ್ಲೇ ಕಾಣುತ್ತಿರಲಿಲ್ಲ ಎಂದಳು. ಮಿಂಚಕ್ಕ ಯಾರೂ ನೋಡದಾಗ ಶೆಡ್ಡಿನ ಗೇಟಿನಲ್ಲಿ ನಿಂತು ಎದುರಿನ ಪಂಕ್ಚರ್ ಅಂಗಡಿಯ ಬೋರ್ಡು ಓದಿದಳು. ದೊಡ್ಡಕ್ಷರ, ಸಣ್ಣಕ್ಷರ, ಕೆಳಗೆ ಮೂಲೆಯಲ್ಲಿ ಪೇಂಟರ್ ಬರೆದುಕೊಂಡ ಫೋನ್ ನಂಬರು, ಎಲ್ಲ ಓದಿದಳು. ಎಡಗಣ್ಣು ಮುಚ್ಚಿ ಓದಿದಳು, ಬಲಗಣ್ಣು ಮುಚ್ಚಿ ಓದಿದಳು. ಪಂಕ್ಚರ್ ಅಂಗಡಿಯವನು ತನಗೇ ಕಣ್ಣು ಹೊಡೆಯುತ್ತಿದ್ದಾಳೆಂದು ಗಾಬರಿಯಾಗಿ ಒಳಗೆ ಹೋದ.

ಕಣ್ಣು ಸರಿಯಿದೆ. ಮತ್ತೆ ಕೈ? ರಾತ್ರಿ ಊಟದ ತಟ್ಟೆಯ ಮುಂದೆ ಕೂತು ಅಂಗೈ ಮಗುಚಿ ಮಗುಚಿ ನೋಡಿಕೊಳ್ಳುತ್ತಿದ್ದಳು. ಬೆರಳ ಸಂದು ಒಡೆದಿತ್ತು, ಅದು ಹೊಸದಲ್ಲ. ನಡುಕವಿರಲಿಲ್ಲ. ಏನಾಯಿತು ಅತ್ತೆ ಎಂದು ಸೊಸೆ ಕೇಳಿದರೆ ಏನಿಲ್ಲ ಎನ್ನುತ್ತಿದ್ದಳು. ಹೊರಗಿನ ಬೇಗುದಿ ಹೊಸಲಿನಾಚೆ ಬಿಟ್ಟು ಬರಬೇಕು ಎನ್ನುವ ಅಭ್ಯಾಸ ಅವಳದು. ಮಗ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಬರುವವನಲ್ಲ. ಇದ್ದದ್ದು ಈ ಇಬ್ಬರು ಹೆಂಗಸರು, ಇವರಿಬ್ಬರ ನಡುವೆ ಇನ್ನೂ ಮಾತಿಗಿಂತ ಮರ್ಯಾದೆ ಹೆಚ್ಚು. ಮಲಗುವಾಗ ದೇವರ ಹತ್ತಿರ ಬೇರೇನೂ ಕೇಳುತ್ತಿರಲಿಲ್ಲ. ತಪ್ಪು ನನ್ನದಾದರೆ ತೋರಿಸು, ನನ್ನದಲ್ಲದಿದ್ದರೂ ತೋರಿಸು, ಹೀಗೆ ಕತ್ತಲಲ್ಲಿ ಇಡಬೇಡ, ಅಷ್ಟೇ.

ಸೋಮವಾರ ಯಜಮಾನರು ಅವಳನ್ನು ಆಫೀಸಿನ ಕೋಣೆಗೆ ಕರೆದರು. ಕೂರಿಸಿದರು. ಆ ಕೋಣೆಯಲ್ಲಿ ಕೆಲಸದವರನ್ನು ಕೂರಿಸಿದರೆ ಒಳ್ಳೆಯ ಸುದ್ದಿಯಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅವರು ಸುತ್ತಿ ಬಳಸಿ ಮಾತಾಡಿದರು. ವಾರಕ್ಕೆ ಐದಾರು ಕಾರು ತಿರುಗಿ ಬರುತ್ತಿವೆ, ಗಿರಾಕಿಗಳು ಮುಖದ ಮೇಲೆ ಹೇಳದೆ ಮುಂದಿನ ರಸ್ತೆಯ ಶೆಡ್ಡಿಗೆ ಹೋಗುತ್ತಿದ್ದಾರೆ. ಒದ್ದೆ ಕಾರಿಗೇ ವ್ಯಾಕ್ಸ್ ಊದಿ ಗಾಳಿಯಲ್ಲಿ ಒಣಗಿಸುವ ಮಿಷನ್ ಬಂದಿದೆ, ಕೈ ತಾಗಿಸುವುದೇ ಬೇಡ, ಅದರ ಏಜೆಂಟು ಎರಡು ಸಲ ಬಂದು ಹೋದ.

“ಬೇಜಾರು ಮಾಡ್ಕೋಬೇಡಿ ಮಿಂಚಕ್ಕ. ಶನಿವಾರ ಮೇಷ್ಟ್ರ ಕಾರು ಬರುತ್ತೆ. ಅದನ್ನ ನಾನೇ ನಿಂತು ನೋಡ್ತೀನಿ. ಸರಿಯಾದ್ರೆ ಸರಿ. ಇಲ್ಲ ಅಂದ್ರೆ ನೀವು ಮ್ಯಾಟ್ ಕೊಡವೋ ಕಡೆ ಹೋಗಿ, ಸಂಬಳ ಅಷ್ಟೇ ಇರುತ್ತೆ.”

ಸಂಬಳದ ಮಾತೆತ್ತಿದ್ದೇ ಅವಳಿಗೆ ಅವಮಾನವಾಯಿತು. ಮ್ಯಾಟ್ ಕೊಡವುವುದು ಕೀಳು ಕೆಲಸವೆಂದಲ್ಲ, ಅದನ್ನೂ ಮಾಡಿದವಳೇ. ಆದರೆ ಕೊನೆಯ ಅಂಕಣ ಕೊಡುವ ಮೊದಲು ಆಗಿನ ಯಜಮಾನರು, ಇವರ ಅಪ್ಪ, ಅವಳಿಗೆ ಎರಡು ವರ್ಷ ಬರಿಯ ಟೈರು ಒರೆಸಲು ಬಿಟ್ಟಿದ್ದರು. ಕೊನೆಗೆ ಒಂದು ದಿನ ತಮ್ಮ ಕಾರನ್ನೇ ಅವಳಿಗೆ ಒಪ್ಪಿಸಿ, ಒರೆಸಿದ ಮೇಲೆ ಅದರ ಬಾಗಿಲಲ್ಲಿ ನೋಡಿಕೊಂಡು ತಲೆ ಬಾಚಿದ್ದರು. ಮರುದಿನದಿಂದ ಅಂಕಣ ಅವಳದಾಗಿತ್ತು. ಅಂಥ ಜಾಗ ಅದು. ಒಂದು ಊದುವ ಮಿಷನ್ನಿಗೆ, ಅದೂ ತನ್ನ ತಪ್ಪು ಏನೆಂದು ತನಗೇ ತಿಳಿಯದೆ, ಬಿಟ್ಟು ಏಳಬೇಕೇ?

ಮಂಗಳವಾರ, ಬುಧವಾರ ಅವಳು ಹಸಿದವಳ ಹಾಗೆ ಒರೆಸಿದಳು. ಬಿಳಿ ಕಾರು ಬಂದರೆ ಉಸಿರು ಬಿಡುತ್ತಿದ್ದಳು, ಬಿಳಿಯ ಮೇಲೆ ಪಟ್ಟೆ ಕಾಣುವುದಿಲ್ಲ. ಕಪ್ಪು, ಕಡುನೀಲಿ ಬಂದರೆ ಬಾಟ್ಲಿ ಎತ್ತುವ ಮೊದಲೇ ಬಟ್ಟೆಯನ್ನು ಎರಡೆರಡು ಸಲ ಕೊಡವುತ್ತಿದ್ದಳು. ಬುಧವಾರ ಒಂದು ನೀಲಿ ಕಾರಿನ ಡಿಕ್ಕಿಯ ಮೇಲೆ ಅರ್ಧ ಗಂಟೆ ಒರೆಸಿ, ಪಟ್ಟೆ ಹೋಗದೆ, ಬಟ್ಟೆಯನ್ನು ನೆಲಕ್ಕೆ ಎಸೆದಳು. ಹದಿನಾಲ್ಕು ವರ್ಷದಲ್ಲಿ ಅವಳ ಬಟ್ಟೆ ನೆಲ ಮುಟ್ಟಿದ್ದು ಅದೇ ಮೊದಲು. ನೆಲಕ್ಕೆ ಬಿದ್ದದ್ದನ್ನು ಮತ್ತೆ ಕಾರಿಗೆ ತಾಗಿಸುವಂತಿಲ್ಲ. ಎತ್ತಿ ಬಕೆಟ್ಟಿಗೆ ಹಾಕಿ, ಹಾಕಿದ್ದಕ್ಕೂ ತನ್ನ ಮೇಲೇ ಸಿಟ್ಟು ಮಾಡಿಕೊಂಡಳು.

ಗುರುವಾರ ಅದೇನು ಗಿರಾಕಿಗಳ ಸುಗ್ಗಿಯೋ, ಮಧ್ಯಾಹ್ನ ಮೂರಕ್ಕೇ ಇಪ್ಪತ್ತೂ ಬಟ್ಟೆ ಮುಗಿದವು. ಇನ್ನೂ ಒಂದು ಕಾರು ನಿಂತಿತ್ತು, ಅದೂ ಕಡುಗೆಂಪು. ಮಿಂಚಕ್ಕ ಬಾಟ್ಲಿ ಇಡುವ ಗೋಡೆಗೂಡಿನ ಒಳಗೆ ಕೈ ಹಾಕಿ ತಡಕಿದಳು. ಹಳೆಯ ಬಾಟ್ಲಿಗಳ ಹಿಂದೆ, ಎಂದೋ ಅಲ್ಲೇ ಉಳಿದುಹೋದ ನಾಲ್ಕು ಬಟ್ಟೆ ಸಿಕ್ಕವು. ತಾನೇ ಒಗೆದು ಮಡಿಸಿದವು. ಮುರಿದರೆ ಸದ್ದು ಬರುವಷ್ಟು ಗಡುಸು. ಕೆನ್ನೆಗೆ ಒತ್ತಿದಳು. ಮರಳೇನೂ ಇರಲಿಲ್ಲ, ಆದರೆ ಒರಟು. ಇದರಲ್ಲಿ ಒರೆಸಿದರೆ ಇದ್ದ ಮಾನವೂ ಹೋದೀತೆಂದುಕೊಂಡೇ, ಬೇರೆ ದಾರಿಯಿಲ್ಲದೆ, ಹಿಂದಿನ ಬಾಗಿಲಿಗೆ ಎರಡು ಒತ್ತು ವ್ಯಾಕ್ಸ್ ಹಾಕಿ, ಒಂದರಲ್ಲಿ ಹರಡಿ, ಇನ್ನೊಂದರಲ್ಲಿ ಎತ್ತಿದಳು.

ಬಟ್ಟೆ ಬಾಗಿಲನ್ನು ಹಿಡಿಯಿತು. ಎಷ್ಟೋ ದಿನದಿಂದ ಜಾರುತ್ತಿದ್ದದ್ದು ಈಗ ಹಿಡಿದು, ಎಳೆದು, ವ್ಯಾಕ್ಸನ್ನು ಎತ್ತಿಕೊಂಡು ಬಂತು. ಬಾಗಿಲಿನಲ್ಲಿ ಅವಳ ಮುಖ, ಮುಖದ ಹಿಂದೆ ಶೆಡ್ಡಿನ ತಗಡು, ತಗಡಿನ ತೂತಿನಲ್ಲಿ ಆಕಾಶ, ಎಲ್ಲ ನಿಚ್ಚಳ. ಡ್ರೈವರನನ್ನು ಬೇಡಿಕೊಂಡು ಕಾರನ್ನು ಬಿಸಿಲಿಗೆ ತೆಗೆಸಿದಳು. ಒಂದೂ ಪಟ್ಟೆ ಇಲ್ಲ.

ಆಮೇಲೆ ಅವಳು ಮಾಡಿದ್ದನ್ನು ನೋಡಿ ಡ್ರೈವರನಿಗೆ ಈಕೆಗೆ ತಲೆ ಕೆಟ್ಟಿದೆ ಅನ್ನಿಸಿರಬೇಕು. ಮುಂದಿನ ಬಾಗಿಲನ್ನು, ಬಕೆಟ್ಟಿನ ಅಂಚಿಗೆ ಹಾಕಿದ್ದ ಬೆಣ್ಣೆ ಬಟ್ಟೆಗಳಲ್ಲಿ ಸ್ವಲ್ಪ ಒಣಗಿದ್ದೊಂದನ್ನು ಆರಿಸಿ ಬೇಕೆಂದೇ ಒರೆಸಿದಳು. ಪಟ್ಟೆ. ಒರಟು ಬಟ್ಟೆಯಲ್ಲಿ ಒರೆಸಿದಳು. ಹೋಯಿತು. ಎರಡನ್ನೂ ಕಟ್ಟೆಯ ಮೇಲೆ ಅಕ್ಕಪಕ್ಕ ಹಾಸಿ, ಕುಡಿಯುವ ಲೋಟದಿಂದ ಒಂದೊಂದರ ಮೇಲೆ ಒಂದಿಷ್ಟು ನೀರು ಸುರಿದಳು. ಒರಟು ಬಟ್ಟೆ ಬೇಸಿಗೆಯ ನೆಲದ ಹಾಗೆ ನೀರು ಕುಡಿಯಿತು. ಮೆತ್ತನೆಯದರ ಮೇಲೆ ನೀರು ತಾವರೆ ಎಲೆಯ ಮೇಲಿನ ಹನಿಯಂತೆ ಉರುಳಾಡಿ ಅಂಚಿನಿಂದ ಕೆಳಗಿಳಿಯಿತು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತಲ್ಲ ಎಂದುಕೊಂಡಳು. ಮೂರು ವಾರ ತನ್ನ ಕೆನ್ನೆಯೇ ತನಗೆ ಸುಳ್ಳು ಹೇಳಿತ್ತು. ಅಲ್ಲ, ಕೆನ್ನೆ ನಿಜವನ್ನೇ ಹೇಳಿತ್ತು. ಮೆತ್ತಗಿದೆ ಅಂದಿತ್ತು. ಮೆತ್ತಗಿದ್ದರೆ ಒಳ್ಳೆಯದು ಎಂದು ತೀರ್ಮಾನ ಮಾಡಿದವಳು ತಾನು.

ಮನೆಗೆ ಬಂದಾಗ ಸೊಸೆ ವಾಷಿಂಗ್ ಮಿಷನ್ನಿನ ಮುಂದೆ ನಿಂತಿದ್ದಳು. ಮಿಂಚಕ್ಕ ತಂದ ಬಟ್ಟೆಯ ಗಂಟನ್ನು ದಿನದ ಹಾಗೆ ಕೈಯಿಂದ ಇಸಿದುಕೊಂಡು ಒಳಗೆ ತುಂಬಿ, ಸೋಪಿನ ಪುಡಿ ಹಾಕಿ, ಆಮೇಲೆ ಕಪಾಟಿನಿಂದ ಒಂದು ನೀಲಿ ಬಾಟ್ಲಿ ತೆಗೆದು ಅದರ ಮುಚ್ಚಳದ ತುಂಬ ಬಗ್ಗಿಸಿದಳು. ಒಂದು ಮುಚ್ಚಳ, ಎರಡು ಮುಚ್ಚಳ. ಹೂವಿನ ವಾಸನೆ ಅಡುಗೆಮನೆಯವರೆಗೆ ಬಂತು. ಆ ವಾಸನೆ ತನ್ನ ಬಟ್ಟೆಯಲ್ಲಿ ಮೂರು ವಾರದಿಂದ ಇತ್ತು, ಹೊಸ ಸೋಪಿರಬೇಕೆಂದು ಬಿಟ್ಟಿದ್ದಳು.

ಅದೇನು ಎಂದು ಕೇಳಿದಳು. ಬಟ್ಟೆ ಮೆತ್ತಗಾಗಲು ಹಾಕುವುದು ಅತ್ತೆ ಎಂದಳು ಸೊಸೆ, ಖುಷಿಯಿಂದಲೇ. ಮಿಂಚಕ್ಕನಿಗೆ ಮೂರು ವಾರದ್ದೆಲ್ಲ ಒಟ್ಟಿಗೆ ಉಕ್ಕಿತು. ಪೈಪಣ್ಣನ ಗಾದೆ, ಮೇಷ್ಟ್ರ ಹಸು, ಆಫೀಸಿನ ಕುರ್ಚಿ, ಕಣ್ಣು ಮುಚ್ಚಿ ಓದಿದ ಬೋರ್ಡು. ಜೋರಾಗಿ ಕೂಗಲಿಲ್ಲ, ಕೂಗುವ ಅಭ್ಯಾಸವಿರಲಿಲ್ಲ, ಆದರೆ ಮಾತು ಹಲ್ಲಿನ ಸಂದಿನಿಂದ ಬಂತು.

“ಯಾರನ್ನ ಕೇಳಿ ಹಾಕ್ದೆ ಇದನ್ನ? ನನ್ನ ಕೆಲಸಕ್ಕೇ ಕಲ್ಲು ಹಾಕಿದೆಯಲ್ಲೇ.”

ಸೊಸೆಯ ಕೈಯಲ್ಲಿದ್ದ ಮುಚ್ಚಳ ಅಲ್ಲೇ ನಿಂತಿತು. ಮಿಂಚಕ್ಕ ಹೇಳುತ್ತ ಹೋದಳು. ಆ ದ್ರಾವಣ ಬಟ್ಟೆಯ ಎಳೆಗೆಲ್ಲ ಎಣ್ಣೆ ಬಳಿದ ಹಾಗೆ ಕೂತಿದೆ, ಬಟ್ಟೆ ಏನನ್ನೂ ಹೀರುತ್ತಿಲ್ಲ, ಒರೆಸಿದ್ದೆಲ್ಲ ಪಟ್ಟೆ, ಶನಿವಾರಕ್ಕೆ ಜಾಗ ಹೋಗುತ್ತದೆ. ಇಷ್ಟು ದಿನ ಹೊಸಲಿನಾಚೆ ಬಿಟ್ಟದ್ದನ್ನೆಲ್ಲ ಅವತ್ತು ಒಳಗೆ ತಂದು ಸುರಿದಳು. ಸೊಸೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಇದನ್ನು ನನಗೆ ಮೂರು ವಾರದಿಂದ ಯಾಕೆ ಹೇಳಲಿಲ್ಲ ಎಂದು ಮಾತ್ರ ಕೇಳಿದಳು. ಮಿಂಚಕ್ಕ ಒಡೆದ ಬೆರಳುಗಳನ್ನು ಸೆರಗಿನಲ್ಲಿ ಒರೆಸಿಕೊಂಡಳು.

“ನಿಮ್ಮ ಬೆರಳು ಒಡೆದು ರಕ್ತ ಬರ್ತಿತ್ತು ಅತ್ತೆ. ಆ ಗಡುಸು ಬಟ್ಟೆ ಹಿಡಿದು ಹಿಡಿದೇ ಹೀಗಾಗಿರೋದು ಅಂದ್ಕೊಂಡೆ. ಮೊದಲ ದಿನ ಒಂದೇ ಮುಚ್ಚಳ ಹಾಕಿದ್ದೆ. ನೀವು ಕೈಗುಣ ಚೆನ್ನಾಗಿದೆ ಅಂದ್ರಲ್ಲ, ಅವತ್ತಿಂದ ಎರಡು ಹಾಕ್ದೆ.”

ಹೇಳಿ, ಮುಚ್ಚಳದಲ್ಲಿದ್ದದ್ದನ್ನು ಬಚ್ಚಲಿಗೆ ಚೆಲ್ಲಿ, ಇನ್ನು ನಿಮ್ಮ ಬಟ್ಟೆ ಮುಟ್ಟುವುದಿಲ್ಲ ಎಂದು ಹೋಗಿ ಹೊಲಿಗೆ ಮಿಷನ್ನಿನ ಮುಂದೆ ಕೂತಳು. ಮಿಷನ್ ಓಡಲಿಲ್ಲ.

ಮಿಂಚಕ್ಕ ಹಂಡೆಗೆ ನೀರು ಹಾಕಿ ಕಾಯಿಸಿದಳು. ಇಪ್ಪತ್ತು ಬಟ್ಟೆಯನ್ನೂ ಹಬೆಯಾಡುವ ನೀರಿನಲ್ಲಿ ನೆನೆಸಿ, ಬಾರ್ ಸೋಪಿನಲ್ಲಿ ತಿಕ್ಕಿ, ಹಿಂಡಿ, ಮತ್ತೆ ಬಿಸಿನೀರಿಗೆ ಹಾಕಿದಳು. ಹಾಳಾದ ಹೂವಿನ ವಾಸನೆ ಮೂರನೆಯ ನೀರಿಗೂ ಹೋಗಲಿಲ್ಲ. ಒಡೆದ ಬೆರಳ ಸಂದಿಗೆ ಸೋಪು ಇಳಿದು ಚುರ್ರೆನ್ನುತ್ತಿತ್ತು. ಸಿಟ್ಟು ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ತನ್ನ ಕೈ ನೋಯದಿರಲೆಂದು ಮಾಡಿದವಳ ಮೇಲೆ ಸಿಟ್ಟಾಗುವುದು ಹೇಗೆ, ಸಿಟ್ಟಾಗದಿರುವುದು ಹೇಗೆ? ನಾಲ್ಕನೆಯ ನೀರಿಗೆ ಅವಳು ಬಗ್ಗಿದಾಗ ಪಕ್ಕದಲ್ಲಿ ಎರಡು ಕೈ ಬಂದು ಬಟ್ಟೆಯ ಇನ್ನೊಂದು ತುದಿ ಹಿಡಿದು ಹಿಂಡಿದವು.

ಶುಕ್ರವಾರ ತಂತಿಯ ಮೇಲಿನ ಬಟ್ಟೆಗಳು ಇನ್ನೂ ತೇವವಿದ್ದವು. ಮಿಂಚಕ್ಕ ಗೂಡಿನ ನಾಲ್ಕು ಒರಟು ಬಟ್ಟೆಯಲ್ಲೇ ದಿನ ದೂಡಿದಳು. ನಡುನಡುವೆ ಬರಿಯ ನೀರಿನಲ್ಲಿ ಜಾಲಿಸಿ ತಗಡಿನ ಮೇಲೆ ಒಣಗಿಸಿ ಮತ್ತೆ ಹಿಡಿದಳು. ಕೆಲಸ ಅರ್ಧಕ್ಕರ್ಧ ಆಯಿತು, ಸಾಲಿನಲ್ಲಿ ನಿಂತವರು ಗೊಣಗಿದರು, ಆದರೆ ಒಂದು ಕಾರೂ ತಿರುಗಿ ಬರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ತಪ್ಪಾದರೆ ಹತ್ತು ಕಣ್ಣು, ಸರಿಯಾದರೆ ಒಂದೂ ಇಲ್ಲ.

ಶನಿವಾರ ಬೆಳಿಗ್ಗೆ ಹಿತ್ತಲಿಗೆ ಹೋದಾಗ ಸೊಸೆ ಆಗಲೇ ಎದ್ದು ತಂತಿಯ ಕೆಳಗೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಮುಂದೆ ಒಂದು ಬಟ್ಟಲು ನೀರು. ಒಂದೊಂದು ಬಟ್ಟೆಯ ಮೂಲೆಯನ್ನು ನೀರಿಗೆ ತಾಗಿಸಿ, ನೀರು ಎಷ್ಟು ಬೇಗ ಮೇಲೇರುತ್ತದೆ ಎಂದು ನೋಡಿ, ಕುಡಿಯುವುದನ್ನು ಬಲಕ್ಕೆ, ಕುಡಿಯದ್ದನ್ನು ಎಡಕ್ಕೆ ಹಾಕುತ್ತಿದ್ದಳು. ಎಡಕ್ಕೆ ಆರು ಬಿದ್ದಿದ್ದವು. ಹದಿನಾಲ್ಕು ಸಾಕಾ ಎಂದು ಕೇಳಿದಳು, ತಲೆಯೆತ್ತದೆ. ಸಾಕು ಎಂದಳು ಮಿಂಚಕ್ಕ.

ಮೇಷ್ಟ್ರ ಕಪ್ಪು ಕಾರು ಹನ್ನೊಂದಕ್ಕೆ ಬಂತು. ಯಜಮಾನರು ಹೇಳಿದ ಹಾಗೆ ಬಂದು ನಿಂತರು. ಪೈಪಣ್ಣ ತನ್ನ ಕೆಲಸ ಮುಗಿದರೂ ಪೈಪು ಸುತ್ತುವ ನೆಪದಲ್ಲಿ ಅಲ್ಲೇ ಉಳಿದ. ಮಿಂಚಕ್ಕ ಬಾನೆಟ್ಟಿಗೆ ಕೈಯ ಹಿಂಭಾಗ ಇಟ್ಟಳು. ಇನ್ನೂ ಬಿಸಿ. ಕಾಯಬೇಕು ಎಂದಳು. ಯಜಮಾನರು ಗಡಿಯಾರ ನೋಡಿಕೊಂಡರು, ಅವಳು ನೋಡಲಿಲ್ಲ. ತಣ್ಣಗಾದ ಮೇಲೆ ಬಾಟ್ಲಿ ಅಲ್ಲಾಡಿಸಿ, ಎರಡೆರಡು ಒತ್ತು ಹಾಕುತ್ತ, ಹರಡುತ್ತ, ಎತ್ತುತ್ತ, ಮಗ್ಗುಲು ತಿರುಗಿಸುತ್ತ ಕಾರನ್ನು ಒಂದು ಸುತ್ತು ಬಂದಳು. ಬಾಗಿಲು ತಟ್ಟಲು ಎತ್ತಿದ ಕೈಯನ್ನು ಹಾಗೆಯೇ ಇಳಿಸಿ, ಬಿಸಿಲಿಗೆ ತೆಗೆಯಿರಿ ಎಂದಳು.

ಬಿಸಿಲಿನಲ್ಲಿ ಮೇಷ್ಟ್ರು ಕಾರಿನ ಸುತ್ತ ಬಗ್ಗಿ ಬಗ್ಗಿ ನೋಡಿದರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಕೊನೆಗೆ, ಈಗ ಉತ್ತರ ಸರಿ ಬಂತು ಎಂದು ಕಾರು ಹತ್ತಿದರು.

ಯಜಮಾನರಿಗೆ ನಿಜವಾಗಿಯೂ ಸಂತೋಷವಾಯಿತು. ಹೊಸ ಪೆಟ್ಟಿಗೆಯ ವ್ಯಾಕ್ಸ್ ಚೆನ್ನಾಗಿದೆ ಅಲ್ಲವೇ ಎಂದರು. ತಾವೇ ಆರಿಸಿ ತರಿಸಿದ್ದು. ಪೈಪಣ್ಣ ನೀರಿನ ವಿಷಯ ಎತ್ತಿದ, ತಾನು ಎರಡು ಪಟ್ಟು ಬಿಟ್ಟದ್ದಕ್ಕೇ ಇದೆಲ್ಲ ಎನ್ನುವ ಧಾಟಿಯಲ್ಲಿ. ಮಿಂಚಕ್ಕನ ಒಳಗೆ ಮತ್ತೆ ಕುದಿಯಿತು. ಮೂರು ವಾರ ತಪ್ಪೆಲ್ಲ ತನ್ನ ಕಣ್ಣಿನದು, ಈಗ ಸರಿಯಾದದ್ದು ಬಾಟ್ಲಿಯದು, ಪೈಪಿನದು. ನಡೆದದ್ದನ್ನೆಲ್ಲ ಹೇಳಿಬಿಟ್ಟರೆ ತನ್ನ ಕಣ್ಣು ಕೈ ಎರಡೂ ಶುದ್ಧವಾಗುತ್ತಿದ್ದವು. ಜೊತೆಗೆ ನಾಳೆಯಿಂದ ಪೈಪಣ್ಣನ ಬಾಯಲ್ಲಿ ಸೊಸೆಯ ನೀಲಿ ಬಾಟ್ಲಿ ಒಂದು ಗಾದೆಯಾಗಿ ವರ್ಷಗಟ್ಟಲೆ ಓಡಾಡುತ್ತಿತ್ತು.

ವ್ಯಾಕ್ಸೂ ಅಲ್ಲ ನೀರೂ ಅಲ್ಲ ಯಜಮಾನ್ರೇ, ಬಟ್ಟೆ ಒಗೆಯುವುದರಲ್ಲಿ ತಪ್ಪಿತ್ತು, ನಾನು ನೋಡಬೇಕಾಗಿತ್ತು, ನೋಡಲಿಲ್ಲ ಎಂದಳು. ಯಜಮಾನರು ಒಂದು ಗಳಿಗೆ ಅವಳ ಬೆರಳುಗಳ ಕಡೆ ನೋಡಿದರು. ಒಳ್ಳೆಯ ಮನಸ್ಸಿನಿಂದಲೇ, ದೊಡ್ಡ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

“ಇನ್ಮೇಲೆ ನಿಮಗೆ ಆ ಕಷ್ಟವೇ ಬೇಡ ಮಿಂಚಕ್ಕ. ಹಿಂದಿನ ರಸ್ತೆ ಲಾಂಡ್ರಿಗೆ ಹೇಳ್ತೀನಿ. ಸಂಜೆ ತಗೊಂಡು ಹೋಗ್ತಾರೆ, ಬೆಳಿಗ್ಗೆ ತಂದುಕೊಡ್ತಾರೆ. ಶೆಡ್ಡಿನ ಲೆಕ್ಕದಲ್ಲಿ. ಗಂಟು ಹೊತ್ತುಕೊಂಡು ಓಡಾಡೋದು ಯಾಕೆ?”

ಮಿಂಚಕ್ಕ ಒರೆಸಿ ಮುಗಿಸಿದ ಬಟ್ಟೆಗಳನ್ನು ಒಂದೊಂದಾಗಿ ಗಂಟಿಗೆ ಹಾಕುತ್ತಿದ್ದಳು. ಕೊನೆಯದನ್ನೂ ಹಾಕಿ, ಗಂಟು ಬಿಗಿದು, ಬಗಲಿಗೆ ಇಟ್ಟುಕೊಂಡಳು.

“ಬೇಡ ಯಜಮಾನ್ರೇ. ನಮ್ಮ ಮನೇಲಿ ಒಗೆಯೋಳಿದ್ದಾಳೆ.”